ಹುಳ ಹಣ್ಣಾದ ದಿನದ ಟೆಸ್ಟು

ಹೈಸ್ಕೂಲಿನ ಗಣಿತ ಮೇಷ್ಟ್ರುಗಳಿಗೆ ವರ್ಷಕ್ಕೊಂದು ಸಲವಾದರೂ ತರಬೇತಿ ಇದ್ದೇ ಇರುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ಕಡೆಯಿಂದ ಬಸ್ಸು ಹಿಡಿದು ಬಂದು ಬೆಳಿಗ್ಗೆ ಹತ್ತಕ್ಕೆ ರಾಮನಗರದ ಒಂದು ಹಾಲಿನಲ್ಲಿ ಸೇರುತ್ತೇವೆ. ಮೊದಲು ಸಹಿ, ಆಮೇಲೆ ಟೀ, ಆಮೇಲೆ ಚಪ್ಪಾಳೆ ಆಟ. ಮಂಡಿ ನೋವಿನ ಗಂಡಸರನ್ನು, ಸೆರಗು ಸಿಕ್ಕಿಸಿಕೊಂಡ ಮೇಡಮ್ಮುಗಳನ್ನು ಸುತ್ತಲೂ ನಿಲ್ಲಿಸಿ, ಮೂರರ ಗುಣಕ ಬಂದಾಗ ಬಾಯಿ ಮುಚ್ಚಿ ಚಪ್ಪಾಳೆ ತಟ್ಟಬೇಕು ಅಂತ ಆಡಿಸುತ್ತಾರೆ. ಇಪ್ಪತ್ತಾರು ವರ್ಷದಿಂದ ಗಣಿತ ಹೇಳಿಕೊಡುತ್ತಿರುವ ನಾನು ಹದಿಮೂರಕ್ಕೆ ಚಪ್ಪಾಳೆ ತಟ್ಟಿ ಔಟಾಗಿದ್ದೇನೆ. ಮಧ್ಯಾಹ್ನ ಅನ್ನ ಸಾಂಬಾರು ಉಂಡ ಮೇಲೆ ಬರುವ ಅವಧಿಗೆ ಯಾರು ಪಾಠ ಮಾಡಲು ನಿಂತರೂ ಪಾಪ ಅನ್ನಿಸುತ್ತದೆ, ಏಕೆಂದರೆ ಹಿಂದಿನ ಎರಡು ಸಾಲು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿರುತ್ತದೆ.

ಇದನ್ನೆಲ್ಲ ಗೇಲಿ ಮಾಡಿಕೊಂಡೇ ಬಂದವನು ನಾನು. ಆದರೆ ಒಂದು ವರ್ಷ ನಡೆದ ತರಬೇತಿ ಮಾತ್ರ ನನಗೆ ಬಹಳ ಹಿಡಿಸಿತು. ಅಲ್ಲಿ ಎಲ್ಲರ ಮುಂದೆ ನನ್ನನ್ನು ಹೊಗಳಿದರು. ಆ ಹೊಗಳಿಕೆಯನ್ನು ಕಾಪಾಡಿಕೊಳ್ಳುವುದಕ್ಕೋಸ್ಕರ ನಾನು ಒಬ್ಬ ಹುಡುಗಿಗೆ ಅನ್ಯಾಯ ಮಾಡಿದೆ. ತಿಳಿಯದೆ ಮಾಡಿದ್ದಲ್ಲ, ತಿಳಿದೇ ಮಾಡಿದ್ದು. ಈ ಮಾತನ್ನು ಮೊದಲೇ ಬರೆದುಬಿಟ್ಟರೆ ಮುಂದೆ ನುಣುಚಿಕೊಳ್ಳಲು ನನಗೆ ದಾರಿ ಇರುವುದಿಲ್ಲ.

ಆ ವರ್ಷ ನಾನು ಸೋಲೂರಿನ ಕಡೆಯಿಂದ ವರ್ಗವಾಗಿ, ಕನಕಪುರದಿಂದ ಕಬ್ಬಾಳಿಗೆ ಹೋಗುವ ದಾರಿಯ ಒಂದು ಹೈಸ್ಕೂಲಿಗೆ ಬಂದಿದ್ದೆ. ಜುಲೈ ತಿಂಗಳು. ಮಕ್ಕಳ ಮುಖ ಹೆಸರು ಎರಡೂ ಇನ್ನೂ ಹೊಂದಿಕೊಂಡಿರಲಿಲ್ಲ. ಅಷ್ಟರಲ್ಲೇ ತರಬೇತಿಗೆ ಕರೆ ಬಂತು. ಅಲ್ಲಿ ಹೇಳಿದ್ದು ಇಷ್ಟು: ಹತ್ತನೇ ತರಗತಿಗೆ ಒಂದು ಟೆಸ್ಟು ಕೊಡಿ, ಬಂದ ಅಂಕ ನೋಡಿ ಮಕ್ಕಳನ್ನು ಹಸಿರು, ಹಳದಿ, ಕೆಂಪು ಅಂತ ಮೂರು ಪಟ್ಟಿ ಮಾಡಿ, ಕೆಂಪು ಪಟ್ಟಿಯ ಮಕ್ಕಳನ್ನು ಹೇಗಾದರೂ ಪಾಸು ಮಾಡಿಸುವ ಯೋಜನೆ ಬರೆದುಕೊಂಡು ಮುಂದಿನ ತಿಂಗಳ ತರಬೇತಿಗೆ ಬನ್ನಿ.

ಹೇಗಾದರೂ ಪಾಸು ಮಾಡಿಸುವುದಕ್ಕೆ ನಮ್ಮಲ್ಲಿ ಒಂದು ಹಳೆಯ ಉಪಾಯವಿದೆ. ಅದಕ್ಕೆ ಪಾಸಿಂಗ್ ಪ್ಯಾಕೇಜ್ ಅನ್ನುತ್ತೇವೆ. ಇಡೀ ಪುಸ್ತಕ ಕಲಿಸಲು ಹೋಗುವುದಿಲ್ಲ. ಪರೀಕ್ಷೆಯಲ್ಲಿ ಬಂದೇ ಬರುವ ಆರೇಳು ಲೆಕ್ಕದ ಜಾತಿಗಳನ್ನು ಆರಿಸಿಕೊಂಡು, ಗ್ರಾಫು, ವೃತ್ತಕ್ಕೆ ಸ್ಪರ್ಶಕ ಎಳೆಯುವುದು, ಒಂದು ಪ್ರಮೇಯ, ಸರಾಸರಿ, ಇಷ್ಟನ್ನೇ ಕೈ ತಾನಾಗಿ ಓಡುವ ತನಕ ತಿದ್ದಿಸುವುದು. ಇದಿಷ್ಟು ಬರೆದರೆ ಪಾಸಿನ ಗೆರೆ ದಾಟುತ್ತಾರೆ. ಉಳಿದ ಪುಸ್ತಕ ಅವರಿಗೆ ಮುಚ್ಚಿದ ಹಾಗೆಯೇ. ನಿಜವಾಗಿಯೂ ಕಷ್ಟಪಡುವ ಮಕ್ಕಳಿಗೆ ಇದು ಉಪಕಾರವೇ, ಅದನ್ನು ನಾನು ಈಗಲೂ ಅಲ್ಲಗಳೆಯುವುದಿಲ್ಲ.

ಆಗಸ್ಟಿನ ಒಂದು ಗುರುವಾರ ಟೆಸ್ಟು ಕೊಟ್ಟೆ. ಒಬ್ಬಳು ಬಂದಿರಲಿಲ್ಲ. ಅಂದು ಸಂಜೆಯೇ ಪೇಪರು ತಿದ್ದಿ ಮುಗಿಸಿ, ಕಂಪ್ಯೂಟರಿನಲ್ಲಿ ಅಂಕ ತುಂಬಿಸಲು ಕೂತೆ. ತರಬೇತಿಯವರು ಕೊಟ್ಟಿದ್ದ ಫಾರ್ಮು ಸರಿಯಿಲ್ಲ ಅಂತ ನಾನೇ ಒಂದು ಹೊಸ ಫಾರ್ಮು ಮಾಡಿಕೊಂಡಿದ್ದೆ. ಅಂಕ ಹಾಕಿದ ಕೂಡಲೇ ಹೆಸರಿಗೆ ತಾನಾಗಿಯೇ ಬಣ್ಣ ಬರುವಂತೆ ಮಾಡಿದ್ದೆ, ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ. ಆದರೆ ಅಂಕದ ಒಂದು ಚೌಕ ಖಾಲಿ ಬಿಟ್ಟರೆ ಒಟ್ಟು ಲೆಕ್ಕವೆಲ್ಲ ಕೆಡುತ್ತಿತ್ತು. ಹಾಗಾಗಿ ಆ ಹುಡುಗಿಯ ಮುಂದೆ ಸೊನ್ನೆ ಹಾಕಿದೆ. ಹೆಸರು ಕೆಂಪಾಯಿತು. ಮಾರನೇ ದಿನ ಬೆಳಿಗ್ಗೆ ದೊಡ್ಡ ಚಾರ್ಟ್ ಹಾಳೆಯ ಮೇಲೆ ಅದನ್ನೇ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದು, ಸ್ಕೇಲು ಹಿಡಿದು ಗೆರೆ ಎಳೆದು ತರಗತಿಯ ಗೋಡೆಗೆ ಅಂಟಿಸಿದೆ.

ಅಂಟಿಸಿ ತಿರುಗುವಷ್ಟರಲ್ಲಿ ಆ ಹುಡುಗಿ ಎದ್ದು ನಿಂತಳು. ಸಣ್ಣ ಆಳು, ಎರಡು ಜಡೆ, ಬೆರಳ ತುದಿಯಲ್ಲಿ ಸೊಪ್ಪಿನ ಹಸಿರು ಕಲೆ.

"ಸಾ, ನೆನ್ನೆ ಮನೇಲಿ ಹುಳ ಹಣ್ಣಾಗ್ಬುಟ್ಟಿತ್ತು. ಬರಾಕಾಗ್ನಿಲ್ಲ. ಇವತ್ತು ಊಟದ ಬೆಲ್ಲಲ್ಲಿ ಬರ್ಕೊಡ್ಲಾ ಸಾ?"

ನಮ್ಮ ಕಡೆಯಲ್ಲಿ ಈ ಮಾತಿಗೆ ಅರ್ಥ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ರೇಷ್ಮೆ ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು, ಮೈಯೆಲ್ಲ ಹೊಳಪಾಗಿ, ಗೂಡು ಕಟ್ಟಲು ತಲೆ ಎತ್ತಿದರೆ ಅದು ಹಣ್ಣಾಯಿತು ಅಂತ. ಆಗ ಒಂದೊಂದನ್ನೂ ಕೈಯಲ್ಲಿ ಆಯ್ದು ಚಂದ್ರಿಕೆಯ ಮೇಲೆ ಬಿಡಬೇಕು. ಬಿದಿರಿನ ಆ ದೊಡ್ಡ ತಟ್ಟೆಯಲ್ಲಿ ಸುರುಳಿ ಸುರುಳಿ ಜಾಗ ಇರುತ್ತದೆ, ಗೂಡು ಅಲ್ಲೇ ಕಟ್ಟಬೇಕು. ತಡವಾದರೆ ಹುಳ ಎಲ್ಲೆಂದರಲ್ಲಿ ನೂಲು ಬಿಟ್ಟು ಒಂದು ತಿಂಗಳ ದುಡಿಮೆ ಕೈಬಿಟ್ಟು ಹೋಗುತ್ತದೆ. ಅವತ್ತು ಮನೆಯಲ್ಲಿ ಕೈ ಇರುವವರೆಲ್ಲ ಬೇಕು. ಚನ್ನಪಟ್ಟಣದ ಕಡೆಯ ನಮ್ಮೂರಿನ ಮನೆಯಲ್ಲೂ ಹುಳ ಸಾಕುತ್ತಿದ್ದರು. ನಾನೇ ಹೈಸ್ಕೂಲಿನಲ್ಲಿದ್ದಾಗ ಅಂಥ ದಿನಗಳಲ್ಲಿ ಶಾಲೆ ತಪ್ಪಿಸಿದ್ದೇನೆ, ಮಾರನೇ ದಿನ ನಮ್ಮ ಮೇಷ್ಟ್ರು "ಹಣ್ಣಾಯ್ತೇನಪ್ಪ, ಗೂಡು ಚೆನ್ನಾಗಿ ಕಟ್ಟಿದ್ಯಾ?" ಅಂತ ಕೇಳಿ ಸುಮ್ಮನಾಗುತ್ತಿದ್ದರು.

ಇಷ್ಟೆಲ್ಲ ಗೊತ್ತಿದ್ದ ನಾನು ಗೋಡೆಯ ಮೇಲಿನ ಚಾರ್ಟು ನೋಡಿದೆ. ಅವಳನ್ನು ಕೆಂಪಿನಿಂದ ತೆಗೆದರೆ ಹೆಸರು ಹೊಡೆದುಹಾಕಬೇಕು, ಕೆಳಗಿನ ಮೊತ್ತ ತಿದ್ದಬೇಕು, ಚಾರ್ಟು ಗಲೀಜಾಗುತ್ತದೆ, ಸೋಮವಾರ ಅದನ್ನೇ ತರಬೇತಿಗೆ ಒಯ್ಯಬೇಕು. ನನ್ನ ಬಾಯಿಂದ ಬಂದದ್ದು ಇದು:

"ನಿಮ್ಮ ಹುಳಕ್ಕೇ ಹೇಳಮ್ಮ, ಅದೇ ಬಂದು ಟೆಸ್ಟ್ ಬರೀಲಿ."

ತರಗತಿ ಗೊಳ್ಳೆಂದು ನಕ್ಕಿತು. ಅವಳೂ ನಕ್ಕು ಕೂತಳು. ಮಕ್ಕಳು ನಕ್ಕರೆ ಪಾಠ ಚೆನ್ನಾಗಿ ಆಯಿತು ಅಂದುಕೊಳ್ಳುವ ಕೆಟ್ಟ ಚಾಳಿ ನನ್ನದು.

ಸೋಮವಾರ ರಾಮನಗರದಲ್ಲಿ ಎಲ್ಲರ ಚಾರ್ಟಿಗಿಂತ ನನ್ನ ಚಾರ್ಟು ಎದ್ದು ಕಂಡಿತು. ತರಬೇತಿಯ ಸಂಯೋಜಕರು ಅದನ್ನು ಎತ್ತಿ ಹಿಡಿದು, "ನೋಡಿ, ಕೆಲಸ ಅಂದ್ರೆ ಹೀಗಿರಬೇಕು" ಅಂದರು. ಫೋಟೋ ತೆಗೆದು ನಾಲ್ಕೂ ತಾಲ್ಲೂಕಿನ ಗಣಿತ ಮೇಷ್ಟ್ರುಗಳ ಗ್ರೂಪಿಗೆ ಹಾಕಿದರು. ನನ್ನ ಫಾರ್ಮನ್ನೂ ಕೇಳಿ ಪಡೆದರು. ಅಂದು ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ಆ ಫೋಟೋವನ್ನು ಎಷ್ಟು ಸಲ ತೆಗೆದು ನೋಡಿದೆನೋ ಲೆಕ್ಕವಿಲ್ಲ. ಆ ಫೋಟೋದಲ್ಲಿ ಅವಳ ಹೆಸರು ಕೆಂಪಿನಲ್ಲಿತ್ತು.

ಆಮೇಲೆ ತರಗತಿಯಲ್ಲಿ ಕೆಂಪು ಪಟ್ಟಿಯವರನ್ನೆಲ್ಲ ಕಿಟಕಿ ಪಕ್ಕದ ಸಾಲಿಗೆ ಕೂರಿಸಿದೆ. ಈ ಕಡೆ ಬೋರ್ಡಿನಲ್ಲಿ ಉಳಿದವರಿಗೆ ಪೂರ್ತಿ ಪಾಠ, ಆ ಕಡೆ ಅವರಿಗೆ ನಾನು ಕೊಟ್ಟ ಪ್ಯಾಕೇಜು. ಆ ಹುಡುಗಿ ಗ್ರಾಫನ್ನು ಬೇಗ ಮುಗಿಸಿ ಬೋರ್ಡಿನ ಕಡೆಗೇ ಕತ್ತು ತಿರುಗಿಸಿಕೊಂಡು ಕೂತಿರುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. "ನಿನ್ನ ಕೆಲಸ ನೋಡ್ಕೊ" ಅಂತ ಎರಡು ಮೂರು ಸಲ ಗದರಿದೆ. ಅವಳು ಮತ್ತೊಂದು ಗ್ರಾಫು ಎಳೆಯಲು ಶುರುಮಾಡುತ್ತಿದ್ದಳು.

ಜನವರಿಯಲ್ಲಿ ಒಂದು ದಿನ ನೋಟ್‌ಬುಕ್ಕಿಗೆ ಸಹಿ ಹಾಕುತ್ತಿದ್ದೆ. ಅವಳು ತನ್ನ ಪುಸ್ತಕ ತಂದು, ಸಹಿಯ ಪುಟ ತೆರೆಯುವ ಬದಲು ಕೊನೆಯ ಪುಟ ತೆರೆದು ನನ್ನ ಮುಂದಿಟ್ಟಳು.

"ಸಾ, ಇದು ಸರಿಯಾ ಒಸಿ ನೋಡಿ."

ಪೆನ್ಸಿಲ್ಲಿನಲ್ಲಿ ಒಂದು ತೆಂಗಿನ ಮರದ ಚಿತ್ರ, ಅದರ ತುದಿಯಿಂದ ನೆಲಕ್ಕೆ ಎರಡು ಗೆರೆ. ಅವರ ಹುಳದ ಮನೆಯ ಮುಂದಿನ ಮರವಂತೆ. ಜಾಮಿಟ್ರಿ ಬಾಕ್ಸಿನ ಸೆಟ್‌ಸ್ಕ್ವೇರನ್ನು ಕಣ್ಣಿಗೆ ಹಿಡಿದು, ಮರದ ತುದಿ ಅರವತ್ತು ಡಿಗ್ರಿಯಲ್ಲಿ ಕಾಣುವ ಜಾಗ ಒಂದು ಗುರುತು ಮಾಡಿದ್ದಾಳೆ. ಹಿಂದೆ ಹಿಂದೆ ಸರಿದು ಮೂವತ್ತು ಡಿಗ್ರಿಗೆ ಕಾಣುವ ಜಾಗ ಇನ್ನೊಂದು. ನಡುವೆ ಅಳೆದರೆ ನಲವತ್ತು ಅಡಿ. ಅಲ್ಲಿಂದ ಲೆಕ್ಕ ಮಾಡಿ ಮೂವತ್ತನಾಲ್ಕೂವರೆ ಅಡಿ ಚಿಲ್ಲರೆ ಅಂತ ಬರೆದು, ಕೆಳಗೆ ಒಂದು ಸಾಲು: "ನಾನು ನಿಂತುಕೊಂಡು ನೋಡಿದ್ದು. ಆದ್ದರಿಂದ ನನ್ನ ಕಣ್ಣಿನ ಎತ್ತರ ನಾಲ್ಕೂವರೆ ಅಡಿ ಸೇರಿಸಬೇಕು. ಮರ ಸುಮಾರು ಮೂವತ್ತೊಂಬತ್ತು ಅಡಿ."

ತ್ರಿಕೋನಮಿತಿ ಅವಳ ಪ್ಯಾಕೇಜಿನಲ್ಲಿ ಇರಲಿಲ್ಲ. ಕಿಟಕಿ ಪಕ್ಕ ಕೂತು ಕತ್ತು ತಿರುಗಿಸಿ ಕದ್ದು ಕಲಿತದ್ದು. ಕಣ್ಣಿನ ಎತ್ತರ ಸೇರಿಸಬೇಕು ಅನ್ನುವುದನ್ನು ನನ್ನ ಹಸಿರು ಪಟ್ಟಿಯ ಮಕ್ಕಳಿಗೆ ಹತ್ತು ಸಲ ಹೇಳಿದರೂ ಮರೆಯುತ್ತಿದ್ದರು. ಒಂದು ನೋಟದಲ್ಲೇ ನನಗೆ ಎಲ್ಲ ಗೊತ್ತಾಯಿತು. ಆಗಸ್ಟಿನಲ್ಲಿ ಹಾಕಿದ ಸೊನ್ನೆಯೂ ನೆನಪಾಯಿತು.

ಅವಳು ಹೇಳುತ್ತಲೇ ಇದ್ದಳು. "ನಮ್ಮ ಹೊಲಕ್ಕೆ ಸರ್ವೆಯೋರು ಬಂದಿದ್ರು ಸಾ. ಮೂರು ಕಾಲಿನ ಮಿಷನ್ ಇಟ್ಕಂಡು, ನಡೀದೇನೇ ದೂರ ಹೇಳ್ಬುಡ್ತಾರೆ. ಡಿಪ್ಲೊಮಾ ಓದಿದ್ರೆ ಆ ಕೆಲ್ಸ ಸಿಗ್ತದಂತೆ. ಅದ್ಕೆ ಗಣಿತದಲ್ಲಿ ಎಷ್ಟು ಬರ್ಬೇಕು ಸಾ?"

ಜನವರಿ ಅಂದರೆ ಪರೀಕ್ಷೆಗೆ ಇನ್ನೂ ಎರಡು ತಿಂಗಳಿಗೂ ಹೆಚ್ಚು ಇತ್ತು. ಅಂಥ ಹುಡುಗಿಗೆ ಅಷ್ಟು ಸಾಕಾಗುತ್ತಿತ್ತು. ಆದರೆ ಅವಳನ್ನು ಈ ಕಡೆಗೆ ಕೂರಿಸಿದರೆ ಕೇಳುವವರು ಕೇಳುತ್ತಾರೆ, ತರಬೇತಿಯ ಫೈಲಿನಲ್ಲಿ ಪಟ್ಟಿ ಹೋಗಿಬಿಟ್ಟಿದೆ, ಹೊಸದನ್ನೆಲ್ಲ ತಲೆಗೆ ತುಂಬಿಕೊಂಡು ಇದ್ದದ್ದನ್ನೂ ಮರೆತು ಫೇಲಾದರೆ ನನ್ನ ನೂರಕ್ಕೆ ನೂರು ಫಲಿತಾಂಶ ಹೋಯಿತು. ಎಷ್ಟು ಅಂಕ ಬಂದರೂ ಪಾಸು ಪಾಸೇ ಅಂತ ನನಗೆ ನಾನೇ ಹೇಳಿಕೊಂಡೆ. ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟೆ.

"ಇದು ನಿನ್ನ ಲಿಸ್ಟಲ್ಲಿಲ್ಲ, ಇಲ್ಲದ್ದನ್ನ ಮುಟ್ಟಬೇಡ. ಮೊದಲು ಪಾಸಾಗು, ಆಮೇಲೆ ಡಿಪ್ಲೊಮಾ."

ಸರಿ ಅಂತ ಒಂದು ರೈಟ್ ಗುರುತು ಹಾಕಲು ನನಗೆ ಏನು ಬಂದಿತ್ತು? ಕೈಯಲ್ಲಿ ಕೆಂಪು ಪೆನ್ನು ಇತ್ತು. ಹಾಕಿದರೆ ಅವಳನ್ನು ಕೆಂಪು ಪಟ್ಟಿಯಲ್ಲಿ ಇಟ್ಟಿದ್ದು ತಪ್ಪು ಅಂತ ನಾನೇ ಸಹಿ ಮಾಡಿದ ಹಾಗೆ, ಅದಕ್ಕೇ ಹಾಕಲಿಲ್ಲ.

ಆ ವರ್ಷ ನಮ್ಮ ಶಾಲೆಯಲ್ಲಿ ಗಣಿತದಲ್ಲಿ ಎಲ್ಲರೂ ಪಾಸಾದರು. ಅವಳಿಗೆ ಪಾಸಿನ ಗೆರೆಗಿಂತ ಸ್ವಲ್ಪ ಹೆಚ್ಚು ಬಂತು, ನನ್ನ ಪ್ಯಾಕೇಜು ಎಷ್ಟು ಕೊಡುತ್ತದೋ ಅಷ್ಟೇ. ತರಬೇತಿಯಲ್ಲಿ ನನಗೆ ಶಾಲು ಹೊದಿಸಿದರು. ಕೆಂಪು ಪಟ್ಟಿಯ ಮಕ್ಕಳ ನೋಟ್‌ಬುಕ್ಕುಗಳನ್ನು ಮಾದರಿಗೆ ಇಟ್ಟುಕೊಳ್ಳಿ ಅಂತ ತರಬೇತಿಯವರು ಅಂದಿದ್ದರಿಂದ, ಮಕ್ಕಳು ಶಾಲೆ ಬಿಡುವ ಮೊದಲೇ ಕೇಳಿ ಪಡೆದಿದ್ದೆ. ಅವಳದೂ ಅದರಲ್ಲಿತ್ತು. ಡಿಪ್ಲೊಮಾ ಸೀಟು ಅವಳಿಗೆ ಸಿಗಲಿಲ್ಲ ಅಂತ ಶಾಲೆಯಲ್ಲಿ ಯಾರೋ ಹೇಳಿದರು. ನಾನು ಕೇಳಿಸಿಕೊಳ್ಳದವನ ಹಾಗೆ ಹಾಜರಿ ಪುಸ್ತಕ ತೆಗೆದೆ.

ಕಳೆದ ತಿಂಗಳು ಕನಕಪುರದಲ್ಲಿ ರಾಮನಗರದ ಬಸ್ಸು ಹತ್ತಿ ಕೂತಿದ್ದೆ. ಯಾರೋ "ಸಾ" ಅಂದರು. ತಿರುಗಿದರೆ ಅವಳು, ಎತ್ತರ ಬೆಳೆದಿದ್ದಾಳೆ. ಎರಡನೇ ಪಿಯುಸಿಯಂತೆ, ಆರ್ಟ್ಸ್. ಪಕ್ಕದಲ್ಲಿದ್ದ ಗೆಳತಿಗೆ ನನ್ನನ್ನು ತೋರಿಸಿ, "ಇವ್ರೇ ಕಣೇ ನಮ್ ಮೇಷ್ಟ್ರು" ಅಂದಳು. ಆಮೇಲೆ ನನ್ನ ಕಡೆ ತಿರುಗಿ ನಕ್ಕಳು.

"ನಂಗೆ ಲೆಕ್ಕ ಹತ್ತಲ್ಲ ಅಂತ ಗೊತ್ತಿದ್ರೂ ಪಾಸ್ ಮಾಡಿಸ್ಬುಟ್ರಿ ಸಾ. ನಮ್ಮವ್ವ ಈಗ್ಲೂ ನಿಮ್ಮನ್ನ ನೆನೀತದೆ."

ಅವಳೇ ಮುಂದುವರಿಸಿದಳು.

"ಆ ಎತ್ತರದ ಲೆಕ್ಕ ಪರೀಕ್ಷೇಲೂ ಬಂದಿತ್ತು ಸಾ, ನಾಕು ಮಾರ್ಕ್ಸಿಗೆ. ಲಿಸ್ಟಲ್ಲಿ ಇಲ್ದಿದ್ನ ಮುಟ್ಬ್ಯಾಡಿ ಅಂದಿದ್ರಲ್ಲ. ಮುಟ್ನಿಲ್ಲ."

ವ್ಯಂಗ್ಯ ಇರಬಹುದೇ ಅಂತ ಅವಳ ಮುಖ ನೋಡಿದೆ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಇರಲಿಲ್ಲ. ಮೇಷ್ಟ್ರ ಮಾತು ಮೀರಲಿಲ್ಲ ಅನ್ನುವ ಸಮಾಧಾನ ಇತ್ತು. ತನಗೆ ಲೆಕ್ಕ ಹತ್ತುವುದಿಲ್ಲ ಅಂತ ಅವಳು ಪೂರ್ತಿ ನಂಬಿಬಿಟ್ಟಿದ್ದಳು, ನಂಬಿಸಿದವನು ನಾನು. ಆದರೂ ನಾನು ಅಲ್ಲಿ ಏನನ್ನೂ ಹೇಳಲಿಲ್ಲ. ಗೆಳತಿ ಇದ್ದಾಳೆ, ಬಸ್ಸು ತುಂಬಿದೆ ಅಂತ ನೆಪ ಮಾಡಿಕೊಂಡೆ.

ಈ ವರ್ಷದ ತರಬೇತಿ ಅದಾದ ಎರಡು ವಾರಕ್ಕೆ. ಮೂರನೇ ದಿನ ಮಧ್ಯಾಹ್ನದ ಅವಧಿ ನನ್ನದು: ಕೆಂಪು ಪಟ್ಟಿಯ ಮಕ್ಕಳನ್ನು ಪಾಸು ಮಾಡಿಸುವ ಬಗೆ. ಎಲ್ಲರ ಕೈಗೂ ಅಚ್ಚಾದ ಫಾರ್ಮು ಕೊಟ್ಟರು. ನನ್ನದೇ ಫಾರ್ಮು. ಕೆಳಗೆ ಸೂಚನೆಗಳ ಜೊತೆ ಒಂದು ಸಾಲು: "ಗೈರುಹಾಜರಾದವರಿಗೆ ಸೊನ್ನೆ ನಮೂದಿಸುವುದು." ಒಟ್ಟು ಲೆಕ್ಕ ಕೆಡಬಾರದು ಅಂತ ನಾನು ಒಂದು ಸಂಜೆ ಮಾಡಿದ ಸೋಮಾರಿತನ ಈಗ ನಾಲ್ಕು ತಾಲ್ಲೂಕಿಗೂ ನಿಯಮವಾಗಿತ್ತು. ಅದನ್ನು ಓದಿದವನೇ ನೀರಿನ ಲೋಟ ಎತ್ತಿಕೊಂಡೆ.

ಮಾದರಿ ನೋಟ್‌ಬುಕ್ಕುಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಮುಂದಿನ ಸಾಲಿನಲ್ಲಿ ಚನ್ನಪಟ್ಟಣದ ಕಡೆಯಿಂದ ಬಂದಿದ್ದ ಒಬ್ಬರು ಮೇಡಂ, ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ, ಒಂದು ಪುಸ್ತಕವನ್ನು ಹಿಂದಿನಿಂದ ತೆರೆದು ನೋಡುತ್ತಾ ಕೂತುಬಿಟ್ಟರು. ಆಮೇಲೆ ಎದ್ದು ನಿಂತರು.

"ಸಾರ್, ಇದು ಕೆಂಪು ಪಟ್ಟಿ ಹುಡುಗಿದಾ? ಕೊನೇ ಪುಟದಲ್ಲಿ ತೆಂಗಿನ ಮರದ ಎತ್ತರ ಕಂಡುಹಿಡಿದಿದ್ದಾಳೆ. ಕಣ್ಣಿನ ಎತ್ತರಾನೂ ಸೇರಿಸಿದ್ದಾಳೆ. ಇವಳು ಹೇಗೆ ಸಾರ್ ಕೆಂಪಿಗೆ ಬಂದ್ಲು?"

ಸುಳ್ಳು ಹೇಳಲು ದಾರಿಗಳು ಬೇಕಾದಷ್ಟಿದ್ದವು. ಯಾರೋ ಬರೆದುಕೊಟ್ಟಿರಬೇಕು ಅನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಬಂತು, ಅದನ್ನೂ ಇಲ್ಲಿ ಮುಚ್ಚಿಡುವುದಿಲ್ಲ. ಆದರೆ ಬಸ್ಸಿನಲ್ಲಿ ಅವಳು ನಕ್ಕದ್ದು ಕಣ್ಣ ಮುಂದೆ ಬಂತು.

"ಟೆಸ್ಟಿನ ದಿನ ಅವಳ ಮನೇಲಿ ಹುಳ ಹಣ್ಣಾಗಿತ್ತು," ಅಂದೆ. "ನಾನು ಸೊನ್ನೆ ಹಾಕ್ದೆ. ಮಾರನೇ ದಿನ ಬರ್ಕೊಡ್ತೀನಿ ಅಂತ ಕೇಳಿದ್ಲು, ಬರೆಸ್ಲಿಲ್ಲ. ಈ ಲೆಕ್ಕ ನಾನು ಜನವರೀಲೇ ನೋಡಿದ್ದೆ."

ರೇಷ್ಮೆಯ ನಾಡಿನ ಮೇಷ್ಟ್ರುಗಳಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ನಿದ್ದೆಗಣ್ಣಿನ ಹಿಂದಿನ ಸಾಲೂ ಎಚ್ಚರವಾಗಿತ್ತು. ವಯಸ್ಸಾದ ಒಬ್ಬರು "ಅಯ್ಯೋ, ಏನ್ ಸಾರ್ ನೀವು" ಅಂದರು. ಆ ಮೇಡಂ ಪುಸ್ತಕವನ್ನು ಮುಚ್ಚಿ, ತಂದು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಆ ಸಾಲನ್ನು ಫಾರ್ಮಿನಿಂದ ತೆಗೆಯಿರಿ ಅಂತ ಸಂಯೋಜಕರನ್ನು ಕೇಳಿದೆ. "ಪ್ರಿಂಟ್ ಆಗೋಗಿದೆಯಲ್ಲ ಸಾರ್, ಮುಂದಿನ ವರ್ಷ ನೋಡೋಣ" ಅಂದರು. ನಾನು ನನ್ನ ಪ್ರತಿಯಲ್ಲಿ ಆ ಸಾಲಿಗೆ ಗೆರೆ ಎಳೆದೆ, ನೀವೂ ಎಳೆಯಿರಿ ಅಂತ ಕೇಳಿಕೊಂಡೆ. ಕೆಲವರು ಎಳೆದರು, ಕೆಲವರು ಟೀಗೆ ಎದ್ದರು.

ಮುಂದಿನ ಭಾನುವಾರ ಬೆಳಿಗ್ಗೆ ನೋಟ್‌ಬುಕ್ಕು ಚೀಲದಲ್ಲಿಟ್ಟುಕೊಂಡು ಅವಳ ಊರಿಗೆ ಹೋದೆ. ದಾರಿಯಲ್ಲಿ ಬಸ್ಸಿನಲ್ಲೇ ಆ ಕೊನೆಯ ಪುಟ ತೆಗೆದು, ಕೆಂಪು ಪೆನ್ನಿನಲ್ಲಿ ಒಂದು ರೈಟ್ ಗುರುತು ಹಾಕಿದೆ. ಬಸ್ಸು ಕುಲುಕಿ ಗೆರೆ ಸೊಟ್ಟಗಾಯಿತು. ಹಾಕಿದ ಮೇಲೆ ನನಗೇ ನಾಚಿಕೆಯಾಯಿತು.

ಮನೆ ಹುಡುಕುವುದು ಕಷ್ಟವಾಗಲಿಲ್ಲ, ಮುಂದೆ ಆ ತೆಂಗಿನ ಮರ ಇತ್ತು. ಅವಳ ತಾಯಿ "ಬನ್ನಿ ಮೇಷ್ಟ್ರೆ, ಕೂತ್ಕಳಿ, ಹುಳ ಮೂರ್ನೇ ಜ್ವರಕ್ಕೆ ಕೂತೈತೆ, ಇವತ್ತು ಒಸಿ ಬಿಡುವು" ಅಂತ ಚಾಪೆ ಹಾಸಿ ಕಾಫಿಗೆ ಒಳಗೆ ಹೋದರು. ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು. ಹುಡುಗಿ ತಟ್ಟೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದು ಕಂಬಕ್ಕೆ ಒರಗಿ ನಿಂತಳು. ನಾನು ಪುಸ್ತಕ ಕೊಟ್ಟೆ. ಬಸ್ಸಿನಲ್ಲಿ ಹೇಳದೆ ಉಳಿದದ್ದನ್ನೆಲ್ಲ ಹೇಳಿದೆ. ನಿನಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು, ನೀನು ಆ ಸಾಲಿನಲ್ಲಿ ಕೂರಬೇಕಾದವಳೇ ಅಲ್ಲ, ನನಗೆ ಅದು ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ, ತಪ್ಪು ನನ್ನದು ಅಂದೆ. ಡಿಪ್ಲೊಮಾಕ್ಕೆ ಈಗ ಏನಾದರೂ ದಾರಿ ಇದೆಯೇ ವಿಚಾರಿಸುತ್ತೇನೆ, ಬಿಟ್ಟದ್ದನ್ನೆಲ್ಲ ಭಾನುವಾರ ಬಂದು ಹೇಳಿಕೊಡುತ್ತೇನೆ ಅಂತಲೂ ಅಂದೆ.

ಅವಳು ಕೊನೆಯ ಪುಟ ತೆಗೆದು ನೋಡಿದಳು. ಸೊಟ್ಟ ಗುರುತಿನ ಮೇಲೆ ಹೆಬ್ಬೆರಳು ಇಟ್ಟು ತೆಗೆದಳು. ಪರವಾಗಿಲ್ಲ ಬುಡಿ ಸಾ ಅನ್ನುತ್ತಾಳೆ ಅಂತ ನಾನು ಕಾಯುತ್ತಿದ್ದೆ. ನಮ್ಮ ಮಕ್ಕಳು ಸಾಮಾನ್ಯವಾಗಿ ಹಾಗೇ ಅನ್ನುತ್ತಾರೆ. ಅವಳು ತಲೆ ಎತ್ತಲಿಲ್ಲ.

"ಅವತ್ತೇ ಕೇಳಿದ್ನಲ್ಲ ಸಾ," ಅಂದಳು. "ಬರ್ಕೊಡ್ತೀನಿ ಅಂತ."

ತಾಯಿ ಕಾಫಿ ತಂದು, ದೂರದಿಂದ ಬಂದಿದ್ದೀರಿ ಅಂತ ಇನ್ನೊಂದು ಚಮಚ ಸಕ್ಕರೆ ಹಾಕಿದರು. ಲೋಟ ಹಿಡಿದುಕೊಂಡು ಕೂತೆ. ಅವಳು ಪುಸ್ತಕವನ್ನು ಚಾಪೆಯ ಮೇಲೆ, ನನ್ನ ಪಕ್ಕದಲ್ಲೇ ಇಟ್ಟು ತಟ್ಟೆ ತೊಳೆಯಲು ಹೋದಳು.